ಚೀಲದ್ದು ಒಂದು ಕಳೀರಿ | ತೋಟದ ಶಿಶುವಿಹಾರದಲ್ಲಿ ಒಂದು ಮಳೆ ದಿನ

ನಮಸ್ಕಾರ, ಕೇಳಿಸುತ್ತಿದೆಯಾ? ಮೈಕ್ ಕೆಟ್ಟಿಲ್ಲ, ಶೀಟಿನ ಮೇಲೆ ಮಳೆ ಬೀಳುತ್ತಿದೆ. ಕೊಡಗಿನ ಸುಂಟಿಕೊಪ್ಪದ ಹತ್ತಿರ, ಕಾಫಿ ತೋಟದೊಳಗಿನ ಶಿಶುವಿಹಾರ ಇದು. ಜುಲೈ ಕೊನೆಯ ವಾರ. ಮಕ್ಕಳು ಆಡುವಾಗ ನೀವು ಮೂಲೆಯಲ್ಲಿ ಕೂತು ಏನು ಗೀಚುತ್ತೀರಿ ಅಂತ ಬಹಳ ಜನ ಕೇಳಿದ್ದೀರಿ. ಇವತ್ತು ಅದೇ. ಯಾವ ಮಗುವಿನ ಮುಖವೂ ಕಾಣುವುದಿಲ್ಲ, ಹೆಸರೂ ಹೇಳುವುದಿಲ್ಲ. ಕೆಂಪು ಸ್ವೆಟರ್, ಹಸಿರು ಟೋಪಿ, ಅಷ್ಟೇ.

ಬೀಗ ತೆಗೆದದ್ದು, ಚಾಪೆ ಹಾಸಿದ್ದು, ಒದ್ದೆ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದ್ದು ನೀವೇ ನೋಡುತ್ತಿದ್ದೀರಿ. ಈ ಚಪ್ಪಲಿ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತವೆ.

ಈಗ ಈ ಪುಸ್ತಕ ನೋಡಿ. ಹತ್ತಿರ ತರುತ್ತೇನೆ, ತಾಳಿ. ಎಂಬತ್ತು ರೂಪಾಯಿಯ ಲಾಂಗ್ ಬುಕ್. ಜೊತೆಗೆ ಜೆಲ್ ಪೆನ್. ನಯವಾಗಿ ಓಡುತ್ತೆ ಅಂದಿದ್ದ ಅಂಗಡಿಯವನು. ಓಡಿತು, ಒಂದು ಪುಟದಿಂದ ಇನ್ನೊಂದು ಪುಟಕ್ಕೆ! ಮಳೆಗಾಲದಲ್ಲಿ ನಮ್ಮ ಕಡೆ ಕಾಗದವೂ ಹಪ್ಪಳವೂ ಒಂದೇ. ರಾತ್ರಿ ಹೊರಗೆ ಬಿಟ್ಟರೆ ಬೆಳಿಗ್ಗೆ ಮೆತ್ತಗೆ. ಮೂರು ವಾರ ಬರೆದದ್ದೆಲ್ಲಾ ನೀಲಿ ಕಲೆ. ಇಲ್ಲಿ ನೋಡಿ, "8ನೇ ತಾರೀಖು. ಕೆಂಪು ಸ್ವೆಟರ್ ತೆಂಗಿನ ಚಿಪ್ಪನ್ನು..." ಚಿಪ್ಪನ್ನು ಏನು ಮಾಡಿದಳು? ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಒಲೆಯ ಮೇಲೆ ಹಿಡಿದು ಒಣಗಿಸೋಣ ಅಂತ ಹೋದೆ, ಮೂಲೆ ಸುಟ್ಟಿತು. ಅಡುಗೆ ಅಕ್ಕ ನಕ್ಕಿದ್ದೇ ನಕ್ಕಿದ್ದು. ಈಗ ಐದು ರೂಪಾಯಿಯ ಬಾಲ್ ಪೆನ್. ಪುಸ್ತಕ ರಾತ್ರಿ ಬಿಸ್ಕೆಟ್ ಡಬ್ಬದಲ್ಲಿ, ಒಂದು ಹಿಡಿ ಅಕ್ಕಿಯ ಜೊತೆ ಮಲಗುತ್ತದೆ. ಫೋನಿನಲ್ಲೇ ಟೈಪ್ ಮಾಡಬಾರದಾ ಅಂತೀರಿ. ಫೋನ್ ಕೈಗೆ ಬಂದರೆ ಮಕ್ಕಳ ಆಟ ಅಲ್ಲಿಗೆ ಮುಗಿಯಿತು, ಎಲ್ಲರಿಗೂ ವಿಡಿಯೋ ಬೇಕು. ಇವತ್ತು ಕ್ಯಾಮೆರಾ ತಂದು ನಾನೇ ಆ ತಪ್ಪು ಮಾಡಿದ್ದೇನೆ, ಅದು ಬೇರೆ ಮಾತು.

ಬರೆಯುವುದು ಅಂದರೆ ಏನು? ಮೊದಲ ವರ್ಷ ನಾನು "ಚೆನ್ನಾಗಿ ಆಡಿದಳು", "ಹಠ ಮಾಡಿದಳು" ಅಂತ ಬರೆಯುತ್ತಿದ್ದೆ. ಮೂರು ತಿಂಗಳಾದ ಮೇಲೆ ಓದಿದರೆ ಒಂದೂ ಅರ್ಥವಾಗಲಿಲ್ಲ. ಹಠ ಅಂದದ್ದು ನಾನು. ಅವಳು ಮಾಡಿದ್ದು ಇಷ್ಟು: ಲೋಟವನ್ನು ಯಾರಿಗೂ ಕೊಡದೆ, ಏಳು ಸಲ ಮರಳು ತುಂಬಿ ಡಬ್ಬಕ್ಕೆ ಸುರಿದಳು. ಡಬ್ಬ ತುಂಬಿದ ತಕ್ಷಣ ತಾನೇ ಕೊಟ್ಟಳು. ಹಠನಾ, ಅಳತೆನಾ? ಅದಕ್ಕೇ ಈಗ ಕಂಡದ್ದು, ಕೇಳಿದ್ದು ಮೇಲೆ. ಒಂದು ಗೆರೆ ಎಳೆದು, ನನಗೆ ಅನ್ನಿಸಿದ್ದು ಕೆಳಗೆ.

ಹಾಂ, ಇದು ಇವತ್ತಿನದು. ಓದುತ್ತೇನೆ. "ಬೆಳಿಗ್ಗೆ 10.20. ಹಸಿರು ಟೋಪಿ, 4 ವರ್ಷ 7 ತಿಂಗಳು. ಅಕ್ಕಿ ಚೀಲಕ್ಕೆ ಚಪ್ಪಲಿ ತುಂಬಿ ಕಿಟಕಿಯ ಕೊಕ್ಕೆಗೆ ನೇತು ಹಾಕಿದ. ಒಂದು ಕಣ್ಣು ಮುಚ್ಚಿ ನೋಡಿದ. 'ಹದಿನೆಂಟು. ಚೀಲದ್ದು ಒಂದು ಕಳೀರಿ. ಹದಿನೇಳು' ಅಂದ. ಕೆಂಪು ಸ್ವೆಟರ್ ಹಲಸಿನ ಎಲೆಯ ಮೇಲೆ ಕಡ್ಡಿಯಿಂದ ಗೀಟು ಎಳೆದಳು. ಮೂರು ವರ್ಷದವನು ಪಕ್ಕದಲ್ಲಿ ನಿಂತು ನೋಡಿದ. 'ಮದಿ' ಅಂದ."

ತೋಟದ ರೈಟರ್, ಅಂದರೆ ಗುಮಾಸ್ತ, ಕಾಫಿ ತೂಗುವುದು, ಲೆಕ್ಕ ಬರೆಯುವುದು, ಅದೇ ಆಟ! ಕೊಯ್ಲು ಮುಗಿದು ನಾಲ್ಕೈದು ತಿಂಗಳಾಯಿತು. ಈಗ ತೋಟದಲ್ಲಿ ಕಳೆ, ಗೊಬ್ಬರ ಅಷ್ಟೇ. ಹುಡುಗ ಮರೆತಿಲ್ಲ. ಎಲೆಯ ಮೇಲಿನ ಗೀಟನ್ನು ಅಕ್ಷರ ಅಲ್ಲ ಅಂತ ಬಿಡಬೇಡಿ. ಬಾಯಲ್ಲಿ ಹೇಳಿದ್ದನ್ನು ಗುರುತು ಮಾಡಿ ಇಟ್ಟುಕೊಳ್ಳಬಹುದು ಅಂತ ಅವಳಿಗೆ ಗೊತ್ತಾಗಿದೆ. ಅಆಇಈ ಆಮೇಲೆ ಬರುತ್ತದೆ.

ಆ "ಮದಿ" ನಾನು ಮೊದಲು "ಮಡಿ" ಅಂತ ಬರೆದಿದ್ದೆ. ಮದಿ ಅಂದರೆ ಮಲಯಾಳದಲ್ಲಿ ಸಾಕು ಅಂತ! ಇಲ್ಲಿ ಕೊಡವ ತಕ್ಕ್, ಅರೆಭಾಷೆ, ತಮಿಳು, ಮಲಯಾಳ ಎಲ್ಲಾ ಒಂದೇ ಚಾಪೆಯ ಮೇಲೆ. ಮಗು ಅಂದದ್ದನ್ನು ಅಂದ ಹಾಗೇ ಬರೆಯಬೇಕು, ಕನ್ನಡ ಮಾಡಿದರೆ ಕೆಟ್ಟಿತು. ಇನ್ನು ಅವನು ಆಟಕ್ಕೆ ಸೇರಲಿಲ್ಲವಲ್ಲ ಅಂತ ಚಿಂತೆ ಬೇಡ. ನನಗೆ ಥಿಯರಿ ಅಂದರೆ ಅಲರ್ಜಿ, ಆದರೆ 1932ರಲ್ಲೇ ಮಿಲ್ಡ್ರೆಡ್ ಪಾರ್ಟನ್ ಅನ್ನುವವರು ಮಕ್ಕಳು ಬೆರೆಯುವ ಬಗೆಗಳನ್ನು ವಿಂಗಡಿಸಿದಾಗ, ಸುಮ್ನೆ ನಿಂತು ನೋಡುವುದಕ್ಕೂ ಒಂದು ಜಾಗ ಕೊಟ್ಟರು. ಆಮೇಲೆ ಪಕ್ಕಪಕ್ಕ ಆಡುವುದು, ಜೊತೆ ಆಡುವುದು.

ಟಿಕ್ ಹಾಕುವ ಫಾರಂ ಬಗ್ಗೆ ಹೋದ ಸಲ ಬೈದಿದ್ದೆ. "ಬಣ್ಣ ಗುರುತಿಸುತ್ತದೆ: ಹೌದು/ಇಲ್ಲ." ಒಲೆಗೆ ಹಾಕಬೇಕು ಅಂದಿದ್ದೆ ಅಲ್ವಾ? ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಅದನ್ನು ತುಂಬುವಾಗಲೇ ಗೊತ್ತಾಯಿತು, ಒಂದು ಹುಡುಗಿಯ ಬಗ್ಗೆ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಅಳುವುದಿಲ್ಲ, ಜಗಳವಿಲ್ಲ, ಹಾಗಾಗಿ ನನ್ನ ಕಣ್ಣಿಗೇ ಬಿದ್ದಿಲ್ಲ. ನಾಳೆ ಪೂರ್ತಿ ಅವಳದ್ದೇ.

ಅಂದ ಹಾಗೆ ಮುಂದಿನ ವಾರ ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದರೆ ಉಚ್ಚೆ ಕೆಂಪಾಗುತ್ತದೆ, ಗೊತ್ತಲ್ಲ? ಹೋದ ವರ್ಷ ಮಾರನೇ ದಿನ ಬಚ್ಚಲ ಮುಂದೆ ಕ್ಯೂ. "ಟೀಚರ್, ನಂದು ಜಾಸ್ತಿ ಕೆಂಪು, ನಾನು ಎರಡು ಲೋಟ ಕುಡ್ದೆ!" ತಿಂದದ್ದಕ್ಕೂ ಬಣ್ಣಕ್ಕೂ ಅವನೇ ಗಂಟು ಹಾಕಿದ್ದಾನೆ, ನಾನು ಹೇಳಿಕೊಟ್ಟಿಲ್ಲ. ಒಂದು ಪುಟ ಬರೆದೆ. ತಪಾಸಣೆಗೆ ಬಂದವರು ಓದಿ ಮುಖ... ಅಯ್ಯೋ, ಶಾಟ್ ಮುಗಿಯಿತು. ಸಂಜೆಗೆ ಹೋಗೋಣ.

ಇದು ಹಸಿರು ಟೋಪಿಯ ಅಮ್ಮನ ಕೊಡೆ. ಬರೆದದ್ದನ್ನು ಓದಿ ಹೇಳಿದೆ. ಲೆಕ್ಕದಲ್ಲಿ ಜೋರಿದ್ದಾನೆ, ಕಳೆಯುವುದೂ ಬರುತ್ತದೆ ಅಂದೆ. ಗೆರೆಯ ಕೆಳಗೂ ಹಾಗೇ ಬರೆದಿದ್ದೆ. ಅವರು ಸೆರಗು ಬಾಯಿಗೆ ಹಿಡಿದು ನಗು. "ಲೆಕ್ಕ ಅಲ್ಲ ಟೀಚರೇ. ಚೀಲದ್ದು ಅಂತ ದಿನಾ ಒಂದು ಕಿಲೋ ಹಿಡೀತಾರೆ, ಖಾಲಿ ಚೀಲ ಅಷ್ಟು ತೂಗುತ್ತಾ ಅಂತ ನಾನು ಮನೇಲಿ ಕೂಗಾಡ್ತಾ ಇದ್ದೆ. ಅದನ್ನೇ ಹೇಳಿದ್ದಾನೆ."

ಗೆರೆಯ ಕೆಳಗೆ ಬರೆದದ್ದಕ್ಕೆ ಕಾಟು ಹಾಕಿದೆ. ಅಮ್ಮ ಹೇಳಿದ್ದನ್ನು ಬರೆದುಕೊಂಡೆ, ಬಾಲ್ ಪೆನ್ನಿನಲ್ಲಿ. ಬ್ಯಾಟರಿ ಕೆಂಪು ತೋರಿಸುತ್ತಿದೆ, ಒಂದು ಪುಟ್ಟ ಚಪ್ಪಲಿ ಇನ್ನೂ ಸಿಕ್ಕಿಲ್ಲ, ಚೀಲ ಬಿಚ್ಚಿ ನೋಡಬೇಕು. ಬರಲಾ?