ಪಹಣಿ ಯಾರ ಹೆಸರಲ್ಲಿದೆ? ಪೈಥಾನ್‌ನಿಂದ ವಿಂಡೋಸ್ ರಿಜಿಸ್ಟ್ರಿ

(ಶಿವಮೊಗ್ಗದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಮತ್ತು ಸೊಸೈಟಿ, ಮಂಡಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಕೊಟ್ಟ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಈ ಪಾಟಿ ಹೊಡೆಯುತ್ತಿದೆ. ತೀರ್ಥಹಳ್ಳಿ, ಹೊಸನಗರ ಕಡೆಯವರು ಬೆಳಿಗ್ಗೆ ಆರು ಗಂಟೆಗೇ ಬಸ್ಸು ಹತ್ತಿದ್ದೀರಿ. ಹಾಗಾಗಿ ಪೀಠಿಕೆ ಬೇಡ.

ನಿನ್ನೆ ಮನೆಯಲ್ಲಿ "ನಾಳೆ ರಿಜಿಸ್ಟ್ರಿ ಬಗ್ಗೆ ಮಾತಾಡೋಕೆ ಹೋಗಬೇಕು" ಅಂದೆ. "ಯಾವ ಜಾಗ ತಗೊಂಡ್ರಿ?" ಅಂತ ಕೇಳಿದರು. ನಮ್ಮ ಕಡೆ ರಿಜಿಸ್ಟ್ರಿ ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸು, ಸ್ಟಾಂಪ್ ಪೇಪರು, ಇಬ್ಬರು ಸಾಕ್ಷಿ. ವಿಂಡೋಸ್ ರಿಜಿಸ್ಟ್ರಿ ಅಂದರೆ ವಿಂಡೋಸ್ ಮತ್ತು ಅದರ ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್‌ಗಳನ್ನು ಬರೆದಿಡುವ ದಾಖಲೆ. ಅದರಲ್ಲಿ ಸ್ಟಾಂಪೂ ಇಲ್ಲ, ಸಾಕ್ಷಿಯೂ ಇಲ್ಲ. ಸ್ಕ್ರಿಪ್ಟಿನಿಂದ ಬರೆದರೆ "ನಿಜವಾಗಲೂ ಬದಲಿಸಬೇಕಾ" ಅಂತ ಒಂದು ಮಾತೂ ಕೇಳುವುದಿಲ್ಲ. ಬರೆದದ್ದು ಬರೆದ ಹಾಗೆ. ಹಿಂದಕ್ಕೆ ತರುವ ಬಟನ್ ಇಲ್ಲ.

ಮೊದಲು ಸೆಟ್ಟಿಂಗ್ ಬರೆದಿಡಲು ಐಎನ್‌ಐ ಅನ್ನುವ ಸಾದಾ ಅಕ್ಷರದ ಫೈಲುಗಳಿದ್ದವು. ನೋಟ್‌ಪ್ಯಾಡಿನಲ್ಲಿ ತೆರೆದು ಒಂದು ಸಾಲು ತಿದ್ದಿದರೆ ಮುಗಿಯಿತು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಚಿಕ್ಕದಾಗಿ ಬಂತು. ಆಮೇಲೆ 1993ರ ವಿಂಡೋಸ್ ಎನ್‌ಟಿ, ಅದಾದ ಮೇಲೆ ವಿಂಡೋಸ್ 95, ಇಡೀ ಸಂಸಾರದ ಲೆಕ್ಕವನ್ನೇ ಅದರಲ್ಲಿ ಬರೆಯಲು ಶುರು ಮಾಡಿದವು. ನನ್ನನ್ನು ಕೇಳಿದರೆ ಐಎನ್‌ಐ ಫೈಲೇ ಚೆನ್ನಾಗಿತ್ತು. ಕೆಟ್ಟರೆ ಒಂದು ಪ್ರೋಗ್ರಾಂ ಕೆಡುತ್ತಿತ್ತು, ಅಷ್ಟೇ. ಆದರೆ ಒಂದೇ ಕಂಪ್ಯೂಟರಿನಲ್ಲಿ ಮೂರು ಜನ ಕೂರುವಾಗ ಯಾರ ಸೆಟ್ಟಿಂಗ್ ಯಾರದು ಅನ್ನುವ ಪ್ರಶ್ನೆಗೆ ಅದರ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನಾನು ಎಡವಿದ್ದು ಇದೇ ಪ್ರಶ್ನೆಯಲ್ಲಿ. ಅದನ್ನೇ ಇವತ್ತು ಜಾಸ್ತಿ ಹೇಳುತ್ತೇನೆ.

ಪಹಣಿ ನೋಡಿದವರಿಗೆ ರಿಜಿಸ್ಟ್ರಿ ಹೊಸದಲ್ಲ. ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಹೀಗೆ ಇಳಿಯುತ್ತಾ ಹೋಗಬೇಕು. ರಿಜಿಸ್ಟ್ರಿ ಎಡಿಟರ್ ತೆರೆದರೆ ಎಡಗಡೆ ಐದು ಬೇರುಗಳು ಕಾಣುತ್ತವೆ. ನಮಗೆ ದಿನಾ ಬೇಕಾಗುವುದು ಎರಡೇ. ಇಡೀ ಮೆಷಿನ್ನಿಗೆ ಸೇರಿದ್ದು ಲೋಕಲ್ ಮೆಷಿನ್. ಕೂತವರಿಗೆ ಸೇರಿದ್ದು ಕರೆಂಟ್ ಯೂಸರ್. ಅದರ ಕೆಳಗೆ ಫೋಲ್ಡರಿನಂಥ ಕೀ, ಕೀಯೊಳಗೆ ಸಬ್‌ಕೀ, ಕೊನೆಗೆ ಮಾಹಿತಿ ಇರುವ ವ್ಯಾಲ್ಯೂ. ಪಹಣಿಯಲ್ಲಿ ಬರೀ ಎಕರೆ ಗುಂಟೆ ಇರುವುದಿಲ್ಲ, ಅಲ್ವಾ? ಯಾರ ಹೆಸರಲ್ಲಿದೆ, ತರಿಯೋ ಖುಷ್ಕಿಯೋ ಬಾಗಾಯ್ತೋ ಅಂತಲೂ ಇರುತ್ತದೆ. ಇಲ್ಲೂ ಪ್ರತಿ ವ್ಯಾಲ್ಯೂಗೆ ಹೆಸರು ಮತ್ತು ಒಳಗಿನ ಮಾಹಿತಿಯ ಜೊತೆ ಒಂದು ಬಗೆ ಇದೆ. ಸಾದಾ ಅಕ್ಷರಸಾಲಾದರೆ ಎಸ್‌ಝಡ್, 32 ಬಿಟ್ಟಿನ ಸಂಖ್ಯೆಯಾದರೆ ಡಿವರ್ಡ್, ಹೀಗೆ. ಬಗೆ ತಪ್ಪಿದರೆ ಏನಾಗುತ್ತದೆ ಅಂತ ಆಮೇಲೆ ನೋಡೋಣ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಕೆಲಸಕ್ಕೆ ವಿನ್‌ರೆಗ್ ಅನ್ನುವ ಮಾಡ್ಯೂಲ್, ಅಂದರೆ ಸಿದ್ಧ ಫಂಕ್ಷನ್‌ಗಳ ಕಟ್ಟು, ಇದೆ. ವಿಂಡೋಸ್‌ನ ಪೈಥಾನ್ ಜೊತೆಗೇ ಬರುತ್ತದೆ. ಹಳೇ ಪೈಥಾನ್ 2ರ ಸ್ಕ್ರಿಪ್ಟ್ ಸಿಕ್ಕಿದರೆ ಈ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇರುತ್ತದೆ, ತೆಗೆದುಬಿಡಿ. ಓಪನ್‌ಕೀ ಕೀ ತೆರೆಯುತ್ತದೆ. ಸುಮ್ನೆ ತೆರೆದರೆ ಓದಲು ಮಾತ್ರ. ಬರೆಯಬೇಕಾದರೆ ತೆರೆಯುವಾಗಲೇ ಆ ಅನುಮತಿ ಕೇಳಬೇಕು. ಕ್ವೆರಿವ್ಯಾಲ್ಯೂಇಎಕ್ಸ್ ಓದುತ್ತದೆ, ಸೆಟ್‌ವ್ಯಾಲ್ಯೂಇಎಕ್ಸ್ ಬರೆಯುತ್ತದೆ. ಕೊನೆಯ ಇಎಕ್ಸ್ ಮರೆಯಬೇಡಿ. ಅದಿಲ್ಲದ ಅಣ್ಣತಮ್ಮಂದಿರೂ ಇದ್ದಾರೆ. ಅವರು ಹೆಸರಿಲ್ಲದ ಡಿಫಾಲ್ಟ್ ವ್ಯಾಲ್ಯೂವನ್ನು ಮಾತ್ರ ಮುಟ್ಟುತ್ತಾರೆ.

ಓದುವ ಫಂಕ್ಷನ್ ಎರಡು ವಸ್ತು ಕೊಡುತ್ತದೆ. ಮೊದಲನೆಯದು ಮಾಹಿತಿ, ಎರಡನೆಯದು ಅದರ ಬಗೆ. ಹುಡುಗರು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಎಸೆಯುತ್ತಾರೆ. ಎಸೆಯಬೇಡಿ.

ಈಗ ನನ್ನ ಕಥೆ. ಕೆಲವು ವರ್ಷದ ಹಿಂದೆ ಒಂದು ಅಡಿಕೆ ಮಂಡಿಗೆ 11 ಕಂಪ್ಯೂಟರ್ ಕೂರಿಸಿದ್ದೆ. ಮಂಡಿಯ ಹೆಸರು ಬೇಡ, ತಪ್ಪು ಪೂರ್ತಿ ನನ್ನದು. ವಿಂಡೋಸ್ ಹಾಕುವಾಗ ದೇಶ ಯಾವುದು ಅಂತ ಕೇಳುತ್ತದೆ. ಅವಸರದಲ್ಲಿ ಅಮೆರಿಕ ಅಂತ ಇದ್ದದ್ದನ್ನು ಹಾಗೇ ಬಿಟ್ಟು ಮುಂದೆ ಒತ್ತಿದ್ದೆ. ಬಿಲ್ಲಿನ ಸಾಫ್ಟ್‌ವೇರ್ ಹಳೇ ವಿಷುವಲ್ ಬೇಸಿಕ್‌ನದು, ತಾರೀಕು ಮತ್ತು ಅಂಕಿಯ ರೂಪವನ್ನು ವಿಂಡೋಸ್ ಹೇಳಿದ ಹಾಗೆ ತೆಗೆದುಕೊಳ್ಳುತ್ತಿತ್ತು. ರಾಶಿ ಅಡಿಕೆಯ ಬಿಲ್ಲಿನಲ್ಲಿ 12,34,567 ಇರಬೇಕಾದಲ್ಲಿ 1,234,567 ಅಂತ ಬಂತು. ತೋಟದವರು ಬಿಲ್ಲು ಹಿಡಿದು ಲಕ್ಷ ಎಲ್ಲಿದೆ ಅಂತ ಹುಡುಕುತ್ತಿದ್ದರು.

ಅದಾದರೂ ಕಣ್ಣಿಗೆ ಬಿತ್ತು. ತಾರೀಕು ಬೀಳಲಿಲ್ಲ. ಜುಲೈ 5ಕ್ಕೆ ಗುಮಾಸ್ತರು 05/07 ಅಂತ ಒತ್ತಿದರೆ ಪ್ರೋಗ್ರಾಂ ಅದನ್ನು ಮೇ 7 ಅಂತ ಬರೆದುಕೊಳ್ಳುತ್ತಿತ್ತು. 13ನೇ ತಾರೀಕಿನಿಂದ ಎಲ್ಲ ಸರಿ! ಯಾಕೆ? 13ನೇ ತಿಂಗಳು ಅಂತ ಇಲ್ಲವಲ್ಲ. ಆಗ ಪ್ರೋಗ್ರಾಂ ತಾನೇ ತಿರುಗಿಸಿ ಓದಿಕೊಳ್ಳುತ್ತಿತ್ತು. ಹೀಗೆ ತಿಂಗಳ ಮೊದಲ 12 ದಿನದ ಬಿಲ್ಲುಗಳು ವರ್ಷದ ಬೇರೆ ಬೇರೆ ತಿಂಗಳಿಗೆ ಚದುರಿ ಹೋಗಿದ್ದವು. ಲೆಕ್ಕ ಪರಿಶೋಧಕರು ಬರುವ ತನಕ ಯಾರಿಗೂ ಗೊತ್ತಾಗಲಿಲ್ಲ.

11 ಮೆಷಿನ್ನಿನಲ್ಲಿ ಕೈಯಲ್ಲೇ ಸೆಟ್ಟಿಂಗ್ ಬದಲಿಸುವುದು ಯಾಕೆ, ಸ್ಕ್ರಿಪ್ಟ್ ಬರೆಯೋಣ ಅಂದುಕೊಂಡೆ. ಕರೆಂಟ್ ಯೂಸರ್, ಅದರೊಳಗೆ ಕಂಟ್ರೋಲ್ ಪ್ಯಾನೆಲ್, ಅದರೊಳಗೆ ಇಂಟರ್‌ನ್ಯಾಷನಲ್. ಅಲ್ಲಿ ಎಸ್‌ಶಾರ್ಟ್‌ಡೇಟ್ ಅನ್ನುವ ವ್ಯಾಲ್ಯೂ ತಾರೀಕಿನ ರೂಪ. ಎರಡು ಡಿ, ಗೀಟು, ಎರಡು ಎಂ, ಗೀಟು, ನಾಲ್ಕು ವೈ. ಎಂ ಮಾತ್ರ ದೊಡ್ಡಕ್ಷರ. ಚಿಕ್ಕ ಎಂ ಬರೆದರೆ ವಿಂಡೋಸ್‌ಗೆ ಅದು ತಿಂಗಳಲ್ಲ, ನಿಮಿಷ. ಅಂಕಿಗೆ ಎಸ್‌ಗ್ರೂಪಿಂಗ್. ಅಮೆರಿಕಕ್ಕೆ ಅದು 3;0 ಇರುತ್ತದೆ, ಅಂದರೆ ಮೂರು ಮೂರಾಗಿ ಕಡಿಯುತ್ತಾ ಹೋಗು. ನಮಗೆ 3;2;0, ಮೊದಲು ಮೂರು, ಆಮೇಲೆ ಎರಡೆರಡು. ಲಕ್ಷ, ಕೋಟಿ ಎಲ್ಲ ಈ ಐದು ಅಕ್ಷರದಲ್ಲಿ ಬಂದುಬಿಡುತ್ತದೆ. ಎಂಥ ಚಂದ!

ಸ್ಕ್ರಿಪ್ಟ್ ಹತ್ತು ಹನ್ನೆರಡು ಸಾಲು. ಗುಮಾಸ್ತರ ಲಾಗಿನ್‌ಗೆ ಅಧಿಕಾರ ಕಡಿಮೆ ಅಂತ ನಾನು ಪ್ರತಿ ಮೆಷಿನ್ನಿನಲ್ಲೂ ಬಲಗಡೆ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ಕೊಟ್ಟು ಓಡಿಸಿದೆ. 11 ಸಲ "ಸರಿಯಾಯಿತು" ಅಂತ ಬಂತು. ಕಾಫಿ ಕುಡಿದು ಮನೆಗೆ ಹೋದೆ.

ಮಾರನೇ ದಿನ ಬೆಳಿಗ್ಗೆ ಫೋನು. "ಎಂಥ ಮಾಡಿದ್ರಿ ಮಾರಾಯ್ರೇ? ಎಲ್ಲ ನಿನ್ನೆ ಇದ್ದ ಹಾಗೇ ಉಂಟಲ್ಲ."

ನಿಜ. ಒಂದು ಮೆಷಿನ್ನಿನಲ್ಲೂ ಬದಲಾಗಿರಲಿಲ್ಲ. ಸ್ಕ್ರಿಪ್ಟ್ ಸುಳ್ಳು ಹೇಳಿರಲಿಲ್ಲ, ಅದು ಬರೆದದ್ದೂ ನಿಜ. ಬರೆದದ್ದು ಎಲ್ಲಿ? ಕರೆಂಟ್ ಯೂಸರ್ ಅನ್ನುವುದು ಒಂದು ಜಾಗ ಅಲ್ಲ, ಬರೀ ಕೈಮರ. ನಿಜವಾದ ದಾಖಲೆಗಳು ಯೂಸರ್ಸ್ ಅನ್ನುವ ಬೇರಿನ ಕೆಳಗೆ, ಎಸ್-1-5-21 ಅಂತ ಶುರುವಾಗುವ ಉದ್ದನೆಯ ನಂಬರುಗಳ ಹೆಸರಲ್ಲಿ ಇರುತ್ತವೆ. ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು. ಸ್ಕ್ರಿಪ್ಟನ್ನು ಯಾರು ಓಡಿಸುತ್ತಾರೋ ಕೈಮರ ಅವರ ಕಡೆ ತಿರುಗುತ್ತದೆ. ಪರದೆಯ ಮುಂದೆ ಕೂತವರು ಗುಮಾಸ್ತರು, ಓಡಿಸಿದ್ದು ಅಡ್ಮಿನಿಸ್ಟ್ರೇಟರ್. ತಾಲೂಕು ಕಚೇರಿಗೆ ಬೇರೆಯವರನ್ನು ಕಳಿಸಿ "ನನ್ನ ಪಹಣಿ ತಿದ್ದಿ" ಅಂತ ಹೇಳಿಸಿದ ಹಾಗೆ. ಹೋಗಿ ಹೇಳಿದವನ ಪಹಣಿ ತಿದ್ದಿ ಕಳಿಸಿದರು.

ಪರಿಹಾರ ನಗು ಬರುವಷ್ಟು ಸುಲಭ ಇತ್ತು. ಅದೇ ಸ್ಕ್ರಿಪ್ಟನ್ನು ಗುಮಾಸ್ತರ ಲಾಗಿನ್‌ನಲ್ಲೇ, ಯಾವ ಪಾಸ್‌ವರ್ಡೂ ಇಲ್ಲದೆ ಓಡಿಸುವುದು. ತಮ್ಮ ತಾರೀಕಿನ ರೂಪ ಬದಲಿಸಲು ಯಾರಿಗೂ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕಿಲ್ಲ. ಅದು ಬೇಕಾಗುವುದು ಲೋಕಲ್ ಮೆಷಿನ್ ಮುಟ್ಟುವಾಗ. ಇಲ್ಲದಿದ್ದರೆ ಪೈಥಾನ್ ಪರ್ಮಿಷನ್ ಎರರ್ ಎಸೆಯುತ್ತದೆ, ಜೊತೆಗೆ ವಿಂಡೋಸ್‌ನ 5ನೇ ನಂಬರಿನ ದೋಷ. ಬರೆದ ಮೇಲೆ ಒಮ್ಮೆ ಲಾಗ್ ಆಫ್ ಮಾಡಿ ಬಂದರೆ ಒಳ್ಳೆಯದು. ಆಗಲೇ ತೆರೆದಿರುವ ಪ್ರೋಗ್ರಾಂಗಳು ಹಳೆಯದನ್ನೇ ಹಿಡಿದು ಕೂತಿರುತ್ತವೆ.

ಈಗ ಬಗೆಯ ವಿಷಯ. ಪಾಥ್ ಗೊತ್ತಲ್ಲ, ಪ್ರೋಗ್ರಾಂ ಎಲ್ಲೆಲ್ಲಿ ಹುಡುಕಬೇಕು ಅನ್ನುವ ಪಟ್ಟಿ. ನಿಮ್ಮ ಖಾತೆಯದು ಕರೆಂಟ್ ಯೂಸರ್‌ನ ಎನ್‌ವಿರಾನ್‌ಮೆಂಟ್ ಕೀಯಲ್ಲಿ ಇರುತ್ತದೆ. ಅದರ ಬಗೆ ಸಾಮಾನ್ಯವಾಗಿ ಎಕ್ಸ್‌ಪ್ಯಾಂಡ್ ಎಸ್‌ಝಡ್. ಅಂದರೆ ಶೇಕಡಾ ಚಿಹ್ನೆಗಳ ನಡುವೆ ಯೂಸರ್‌ಪ್ರೊಫೈಲ್ ಅಂತ ಬರೆದಿದ್ದರೆ ಆ ಜಾಗದಲ್ಲಿ ನಿಮ್ಮ ಫೋಲ್ಡರಿನ ವಿಳಾಸ ಹಾಕಿಕೊಂಡು ಓದು ಅಂತ ಅರ್ಥ. ಒಬ್ಬ ಹುಡುಗ ಇದನ್ನು ಓದಿ, ಕೊನೆಗೆ ತನ್ನ ಫೋಲ್ಡರ್ ಸೇರಿಸಿ, ಸಾದಾ ಎಸ್‌ಝಡ್ ಆಗಿ ವಾಪಸ್ ಬರೆದ. ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಹಳೇ ಪ್ರೋಗ್ರಾಂಗಳು ಸಿಗದಾದವು. ಶೇಕಡಾ ಚಿಹ್ನೆಯನ್ನು ವಿಂಡೋಸ್ ಬರೀ ಶೇಕಡಾ ಚಿಹ್ನೆ ಅಂತಲೇ ಓದಿತು. ತರಿ ಜಮೀನಿನ ಪಹಣಿಯಲ್ಲಿ ಖುಷ್ಕಿ ಅಂತ ಬರೆದ ಹಾಗಾಯಿತು. ಓದುವಾಗ ಸಿಕ್ಕ ಎರಡನೇ ವಸ್ತುವನ್ನು ಬರೆಯುವಾಗ ಹಾಗೇ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಇದಕ್ಕೆ ಸೆಟ್‌ಎಕ್ಸ್ ಕಮಾಂಡ್ ಬಳಸೋಣ ಅನ್ನುವವರಿಗೆ ಒಂದು ಮಾತು: ಅದು 1024 ಅಕ್ಷರಕ್ಕೆ ಕತ್ತರಿಸಿ ಹಾಕುತ್ತದೆ.

ಇನ್ನೊಂದು ಮೋಸದ ಜಾಗ. 64 ಬಿಟ್ಟಿನ ವಿಂಡೋಸ್‌ನಲ್ಲಿ 32 ಬಿಟ್ಟಿನ ಪೈಥಾನ್ ಹಾಕಿಕೊಂಡು ಲೋಕಲ್ ಮೆಷಿನ್‌ನ ಸಾಫ್ಟ್‌ವೇರ್ ಕೀಗೆ ಬರೆದರೆ ಅದು ಸದ್ದಿಲ್ಲದೆ ವಾವ್6432ನೋಡ್ ಅನ್ನುವ ಪಕ್ಕದ ಕೋಣೆಗೆ ಹೋಗುತ್ತದೆ. ನಿಮ್ಮ ಸ್ಕ್ರಿಪ್ಟಿಗೆ ತಾನು ಬರೆದದ್ದು ಕಾಣುತ್ತದೆ, ಎಡಿಟರಿನಲ್ಲಿ ನೀವು ನೋಡುವ ಜಾಗದಲ್ಲಿ ಕಾಣುವುದಿಲ್ಲ. ಕೀ ತೆರೆಯುವಾಗ 64 ಬಿಟ್ಟಿನ ಕೋಣೆಯೇ ಬೇಕು ಅಂತ ಹೇಳಲು ಒಂದು ಫ್ಲ್ಯಾಗ್ ಇದೆ. ಹೇಳಿಬಿಡಿ.

ಅಳಿಸುವುದು. ಒಂದು ಕೀಯಲ್ಲಿರುವ ವ್ಯಾಲ್ಯೂಗಳನ್ನು ಎನಮ್‌ವ್ಯಾಲ್ಯೂ ಸೊನ್ನೆಯಿಂದ ಒಂದೊಂದಾಗಿ ಕೊಡುತ್ತದೆ, ಮುಗಿದಾಗ ಎರರ್ ಎಸೆಯುತ್ತದೆ. ಎಣಿಸುತ್ತಲೇ ಅಳಿಸಿದರೆ? ಸೊನ್ನೆಯನೆಯದನ್ನು ತೆಗೆದ ಕೂಡಲೇ ಒಂದನೆಯದು ಸೊನ್ನೆಯ ಜಾಗಕ್ಕೆ ಜರುಗುತ್ತದೆ. ನೀವು ಒಂದಕ್ಕೆ ಹೋಗಿರುತ್ತೀರಿ. ಒಂದು ಬಿಟ್ಟು ಒಂದು ಉಳಿದುಬಿಡುತ್ತವೆ. ಮೊದಲು ಎಲ್ಲ ಹೆಸರನ್ನೂ ಪಟ್ಟಿ ಮಾಡಿಕೊಂಡು ಆಮೇಲೆ ಅಳಿಸಿ. ಒಳಗೆ ಸಬ್‌ಕೀ ಇರುವ ಕೀಯನ್ನು ಡಿಲೀಟ್‌ಕೀ ಅಳಿಸುವುದೇ ಇಲ್ಲ, ಒಳಗಿನಿಂದ ಖಾಲಿ ಮಾಡುತ್ತಾ ಬರಬೇಕು. ಈ ಹಟ ನನಗೆ ಇಷ್ಟ. ರಿಜಿಸ್ಟ್ರಿ ಕ್ಲೀನರ್ ಅಂತ ಮಾರುವವರಿಗೆ ಮಾತ್ರ ದುಡ್ಡು ಕೊಡಬೇಡಿ. ಅವನ್ನು ಬಳಸುವುದಕ್ಕೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟ್ ಕೂಡ ಹೇಳಿದೆ.

ಕೊನೆಗೆ ಕರೆಂಟಿನ ವಿಷಯ, ಕರೆಂಟ್ ಯೂಸರ್ ಅಲ್ಲ, ಮೆಸ್ಕಾಂ ಕರೆಂಟು. ರಿಜಿಸ್ಟ್ರಿ ಅಂದರೆ ಕೊನೆಗೂ ಫೈಲುಗಳೇ. ವಿಂಡೋಸ್ ಫೋಲ್ಡರಿನ ಸಿಸ್ಟಂ32, ಅದರೊಳಗೆ ಕಾನ್‌ಫಿಗ್, ಅಲ್ಲಿ ಸಿಸ್ಟಂ, ಸಾಫ್ಟ್‌ವೇರ್ ಮುಂತಾದವು. ನಿಮ್ಮ ಖಾತೆಯದು ನಿಮ್ಮದೇ ಫೋಲ್ಡರಿನಲ್ಲಿ ಎನ್‌ಟಿಯೂಸರ್ ಡಾಟ್ ಡ್ಯಾಟ್. ಬರೆದದ್ದು ಆ ಕ್ಷಣವೇ ಡಿಸ್ಕಿಗೆ ಇಳಿಯುವುದಿಲ್ಲ, ವಿಂಡೋಸ್ ಸ್ವಲ್ಪ ಹೊತ್ತಿನ ಮೇಲೆ ಇಳಿಸುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಫೈಲು ಕೆಡಬಹುದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಆರಿದ್ರಾ ಮಳೆ ಶುರುವಾದರೆ ನನಗೆ ಸುಗ್ಗಿ. ಸಿಸ್ಟಂ ಫೈಲ್ ಕೆಟ್ಟಿದೆ ಅನ್ನುವ ಕಪ್ಪು ಪರದೆ ಹೊತ್ತುಕೊಂಡು ಜನ ಬರುತ್ತಿದ್ದರು. ಬರೆಯುವ ಮೊದಲೇ ಗುರುತು ಹಾಕಿಕೊಳ್ಳುವ ಲಾಗ್ ಫೈಲುಗಳ ವ್ಯವಸ್ಥೆ ಆಮೇಲೆ ಇನ್ನೂ ಗಟ್ಟಿಯಾಗಿರುವುದರಿಂದ ಈಗ ಅಷ್ಟಿಲ್ಲ. ಆದರೆ ರೆಗ್‌ಬ್ಯಾಕ್ ಅನ್ನುವ ಫೋಲ್ಡರಿನಲ್ಲಿ ವಿಂಡೋಸ್ ತಾನಾಗಿ ಪ್ರತಿ ಇಡುತ್ತಿತ್ತಲ್ಲ, ವಿಂಡೋಸ್ 10ರ 1803 ಆವೃತ್ತಿಯಿಂದ ಅದನ್ನು ನಿಲ್ಲಿಸಿದ್ದಾರೆ. ಅದು ಇದೆ ಅಂತ ನಂಬಿ ಕೂರಬೇಡಿ. ಮುಟ್ಟುವ ಕೀಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ. ನನ್ನ ಸ್ಕ್ರಿಪ್ಟುಗಳು ಈಗ ಬರೆಯುವ ಮುಂಚೆ ಹಳೇ ಮಾಹಿತಿ, ಅದರ ಬಗೆ, ಓಡಿಸುತ್ತಿರುವವರ ಹೆಸರು, ಈ ಮೂರನ್ನೂ ಒಂದು ಫೈಲಿಗೆ ಹಾಕುತ್ತವೆ.

ಪಕ್ಕದ ಲ್ಯಾಬಿಗೆ ಹೋಗೋಣ. ಮೊದಲು ಬರೀ ಓದುವ ಕೆಲಸ. ಕರೆಂಟ್ ಯೂಸರ್‌ನಲ್ಲಿ ಕೀಬೋರ್ಡ್ ಲೇಔಟ್, ಅದರೊಳಗೆ ಪ್ರಿಲೋಡ್ ತೆರೆಯಿರಿ. ಕನ್ನಡ ಕೀಬೋರ್ಡ್ ಸೇರಿಸಿರುವ ಮೆಷಿನ್ನಿನಲ್ಲಿ ಸೊನ್ನೆಗಳ ಬಾಲಕ್ಕೆ 44ಬಿ ಅಂತ ಕಾಣಬೇಕು. ಅದು ವಿಂಡೋಸ್ ಕನ್ನಡಕ್ಕೆ ಕೊಟ್ಟ ನಂಬರು, ನಮ್ಮ ಲೆಕ್ಕದಲ್ಲಿ 1099. ಆಮೇಲೆ ಅದೇ ಕರೆಂಟ್ ಯೂಸರ್‌ನ ಸಾಫ್ಟ್‌ವೇರ್ ಕೀಯೊಳಗೆ ನಿಮ್ಮ ಊರಿನ ಹೆಸರಲ್ಲಿ ಒಂದು ಕೀ ಮಾಡಿ, ಮೂರು ಬಗೆಯ ಮೂರು ವ್ಯಾಲ್ಯೂ ಬರೆದು, ಓದಿ, ಅಳಿಸಿ. ಎಡಿಟರ್ ಪಕ್ಕದಲ್ಲೇ ತೆರೆದಿರಲಿ, ಆಗಾಗ ಎಫ್5 ಒತ್ತಿ ನೋಡಿ. ಬಾಗಿಲ ಹತ್ತಿರದ ಎರಡು ಮೆಷಿನ್ನಿಗೆ ಮಾತ್ರ ಕೂರಬೇಡಿ, ಅವುಗಳ ಯುಪಿಎಸ್ ಬ್ಯಾಟರಿ ಹೋಗಿದೆ.