ಹೊರಗೆ ಬೆಳಕು, ಒಳಗೆ ಚಿತ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ಆಯಿಲ್ ಬಣ್ಣ ಕೊಂಡು, ಸ್ಟ್ಯಾಂಡು ಹೆಗಲಿಗೇರಿಸಿ, ಭಾನುವಾರ ಬೆಳಿಗ್ಗೆ ಕೆರೆ ಏರಿಗೋ ಬೆಟ್ಟದ ಬುಡಕ್ಕೋ ಹೊರಡುವವರನ್ನು ಕಂಡರೆ ನನಗೆ ಬಹಳ ಖುಷಿ. ಆದರೆ ಅವರಲ್ಲಿ ಹೆಚ್ಚಿನವರು ಮಧ್ಯಾಹ್ನ ಮುಖ ಸಣ್ಣ ಮಾಡಿಕೊಂಡು ವಾಪಸ್ ಬರುತ್ತಾರೆ. ಕಾರಣ ಇಷ್ಟೇ, ಅಲ್ಲೇ ಕೂತು ಇಡೀ ಚಿತ್ರ ಮುಗಿಸಿಬಿಡಬೇಕು ಅಂತ ಹೋಗಿರುತ್ತಾರೆ. ಇವತ್ತು ನಾನು ಹೇಳುವುದು ಒಂದೇ ಮಾತು. ಹೊರಗೆ ಬೆಳಕು ಹಿಡಿಯಿರಿ, ಚಿತ್ರವನ್ನು ಒಳಗೆ ಮಾಡಿ.

ಏಳು ಗಂಟೆಗೆ ಶುರು ಮಾಡಿದಿರಿ ಅಂತಿಟ್ಟುಕೊಳ್ಳಿ. ಬಂಡೆಯ ನೆರಳು ಉದ್ದಕ್ಕೆ ಮಲಗಿರುತ್ತದೆ. ಹತ್ತೂವರೆಗೆ ನೋಡಿದರೆ ಅದು ಕುಗ್ಗಿ ಬುಡಕ್ಕೆ ಬಂದಿರುತ್ತದೆ. ನೀವು ಒಂದು ಕಡೆ ಏಳು ಗಂಟೆಯ ನೆರಳು, ಇನ್ನೊಂದು ಕಡೆ ಹತ್ತೂವರೆಯ ನೆರಳು ಬರೆದಿರುತ್ತೀರಿ. ಒಂದೇ ಚಿತ್ರಕ್ಕೆ ಇಬ್ಬರು ಸೂರ್ಯರು! ಆಮೇಲೆ "ಏನೋ ಸರಿ ಬಂದಿಲ್ಲ ಸಾರ್" ಅಂತ ನನ್ನ ಹತ್ತಿರ ತರುತ್ತೀರಿ.

ಹಾಗಾಗಿ ಹೊರಗೆ ಹೋಗುವಾಗ ನೋಟ್‌ಬುಕ್ಕಿನಷ್ಟು ಬೋರ್ಡು ಸಾಕು. ಕಣ್ಣು ಕಿರಿದು ಮಾಡಿ ನೋಡಿ. ಎಲ್ಲಕ್ಕಿಂತ ಕಪ್ಪು ಎಲ್ಲಿದೆ, ಎಲ್ಲಕ್ಕಿಂತ ಬಿಳುಪು ಎಲ್ಲಿದೆ? ಅಷ್ಟನ್ನು ಹಚ್ಚಿ. ಎಲೆ ಎಣಿಸಬೇಡಿ. ಫ್ರಾನ್ಸಿನ ವಾಲೆನ್ಸಿಯೆನ್ ಎಂಬ ಚಿತ್ರಕಾರ 1800ರಲ್ಲೇ ಬರೆದಿಟ್ಟಿದ್ದಾನೆ: ಬಯಲಿನಲ್ಲಿ ಹೆಚ್ಚೆಂದರೆ ಎರಡು ಗಂಟೆ, ಸೂರ್ಯ ಹುಟ್ಟುವಾಗ ಮುಳುಗುವಾಗ ಆದರೆ ಅರ್ಧ ಗಂಟೆ. ಅಷ್ಟು ಹೊತ್ತು ಮುಗಿಯಿತೋ, ಎದ್ದುಬಿಡಿ.

ಇಲ್ಲಿ ಜಾನ್ ಕಾನ್‌ಸ್ಟೇಬಲ್ ಎಂಬ ಇಂಗ್ಲಿಷ್ ಚಿತ್ರಕಾರನ ಕಥೆ ಹೇಳಲೇಬೇಕು. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಸುಸ್ತಾಗಿದ್ದಾರೆ, ನೀವಾದರೂ ಕೇಳಿ. ಇಂಗ್ಲೆಂಡಿನ ಸಫೋಕ್‌ನಲ್ಲಿ ಸ್ಟೌರ್ ಅಂತ ಒಂದು ನದಿ. ಅದರ ದಂಡೆಯಲ್ಲಿ ಫ್ಲ್ಯಾಟ್‌ಫರ್ಡ್ ಎಂಬಲ್ಲಿ ಕಾನ್‌ಸ್ಟೇಬಲ್ ಅಪ್ಪನ ಹಿಟ್ಟಿನ ಗಿರಣಿ. ಹುಡುಗ ಅಲ್ಲೇ ಓಡಾಡಿ ಬೆಳೆದವನು. ದೊಡ್ಡವನಾದ ಮೇಲೆ ಲಂಡನ್ ಸೇರಿದ. ಊರಿಗೆ ಹೋದಾಗೆಲ್ಲ ಸಣ್ಣ ಸಣ್ಣ ಆಯಿಲ್ ಸ್ಕೆಚ್ ಮಾಡಿ ತರುತ್ತಿದ್ದ. ಆರು ಅಡಿ ಅಗಲದ 'ದಿ ಹೇ ವೇನ್' ಚಿತ್ರವನ್ನು ಬರೆದಿದ್ದು ಮಾತ್ರ ಲಂಡನ್ನಿನಲ್ಲಿ, ಒಳಗೆ ನಿಂತು. ಅದಕ್ಕೂ ಮೊದಲು ಅಷ್ಟೇ ದೊಡ್ಡದಾದ ಇನ್ನೊಂದು ಕರಡು ಬರೆದ. ಅದು ಈಗಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಚಿತ್ರದ ನಡುವೆ, ನೀರಿನಲ್ಲಿ, ಹುಲ್ಲು ಸಾಗಿಸುವ ಖಾಲಿ ಗಾಡಿ. ಕುದುರೆ ಕಟ್ಟಿದೆ. ಆ ಗಾಡಿಯ ವಿವರ ಅವನಿಗೆ ಬೇಕಾಯಿತು. 1821ರ ಫೆಬ್ರವರಿ. ಊರಿನಲ್ಲಿದ್ದ ತಮ್ಮ ಏಬ್ರಮ್ ಕಾಗದ ಬರೆದ. ಜೊತೆಗೆ ಗಾಡಿಯ ರೇಖಾಚಿತ್ರ ಇಟ್ಟು ಕಳಿಸಿದ. ಅದನ್ನು ಬರೆದುಕೊಟ್ಟ ಪರಿಚಯದ ಹುಡುಗ ಚಳಿಯಲ್ಲಿ ನಡುಗುತ್ತಾ ಕೆಲಸ ಮಾಡಿದ್ದನಂತೆ. ನೋಡಿ, ಗಾಡಿಯನ್ನು ಟಪಾಲಿನಲ್ಲಿ ತರಿಸಿಕೊಳ್ಳಬಹುದು. ಬೆಳಕನ್ನು ಯಾರು ಕಳಿಸುತ್ತಾರೆ? ಅದನ್ನು ಅವನು ತಾನೇ ಹೋಗಿ, ಆ ಸಣ್ಣ ಸ್ಕೆಚ್ಚುಗಳಲ್ಲಿ ಹಿಡಿದು ತಂದಿದ್ದ. ಆ ವರ್ಷ ಲಂಡನ್ನಿನಲ್ಲಿ ಚಿತ್ರ ಮಾರಾಟ ಆಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು.

ಲಂಡನ್ ಪಕ್ಕದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಅವನು ಎಷ್ಟೋ ಸಲ ಬರೀ ಮೋಡಗಳನ್ನೇ ಬರೆದ. ಎಷ್ಟೋ ಸ್ಕೆಚ್ಚುಗಳ ಹಿಂಭಾಗದಲ್ಲಿ ತಾರೀಖು, ಗಂಟೆ, ಗಾಳಿ ಯಾವ ಕಡೆಯದು ಅಂತ ಗೀಚಿದ್ದಾನೆ. ನೀವೂ ಬರೆಯಿರಿ. ಫೋನಿನಲ್ಲಿ ಫೋಟೋ ಇದೆಯಲ್ಲ ಅನ್ನಬೇಡಿ. ಫೋಟೋದಲ್ಲಿ ನೆರಳು ಎಷ್ಟೋ ಸಲ ಬರೀ ಕಪ್ಪು. ನೆರಳಿನೊಳಗಿನ ನೀಲಿ, ಹಸಿರು ನಿಮ್ಮ ಕಣ್ಣಿಗೇ ಚೆನ್ನಾಗಿ ಕಾಣುವುದು.

ನಮ್ಮ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳ ಎದುರಿಗೇ ಚಿತ್ರ ಬರೆಯುತ್ತಿದ್ದರಲ್ಲಾ ಅಂತ ಯಾರೋ ಕೇಳುತ್ತೀರಿ, ಗೊತ್ತು. ಹೌದು, ಬರೆಯುತ್ತಿದ್ದರು. ಅಷ್ಟು ಕೈ ಪಳಗಲಿ, ಆಮೇಲೆ ನೀವೂ ಬರೆಯಿರಿ.

ಸಮಯ ಆಗ್ತಾ ಬಂತು ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. ಬೋರ್ಡಿನ ಮೇಲೆ ಬಿಸಿಲು ಬೀಳದಂತೆ ಕೂರಿ. ಬಿಸಿಲಿನಲ್ಲಿ ಸರಿ ಕಂಡ ಬಣ್ಣ ಮನೆಗೆ ಬಂದರೆ ಮಂಕಾಗಿ ಕಾಣುತ್ತದೆ. ಹಸಿ ಬೋರ್ಡು ತರಲು ಅಷ್ಟೇ ಅಳತೆಯ ಇನ್ನೊಂದು ಬೋರ್ಡು ತಗೊಳ್ಳಿ. ನಾಲ್ಕೂ ಮೂಲೆಗೆ ಬೆಂಕಿಕಡ್ಡಿ ಚೂರು ಇಟ್ಟು ಮುಖಾಮುಖಿ ಕಟ್ಟಿ, ಬಣ್ಣ ಅಂಟುವುದಿಲ್ಲ. ಮನೆಯಲ್ಲಿ ದೊಡ್ಡ ಚಿತ್ರ ಮಾಡುವಾಗ ಕೆಳಗಿನ ಪದರಕ್ಕೆ ಎಣ್ಣೆ ಕಮ್ಮಿ, ಮೇಲಿನದಕ್ಕೆ ಜಾಸ್ತಿ. ತಿರುಗಾಮುರುಗಾ ಮಾಡಿದರೆ ಬಣ್ಣ ಬಿರುಕು ಬಿಡುತ್ತದೆ. ಸಣ್ಣ ಸ್ಕೆಚ್ಚನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ. ಬೆಳಕಿನ ವಿಷಯದಲ್ಲಿ ಅದು ಹೇಳಿದ್ದೇ ಸರಿ, ನಿಮ್ಮ ನೆನಪಲ್ಲ.

ಇನ್ನೊಂದು, ಇದು ತಮಾಷೆಯಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ, ಒಣಗಲಿ.

ನಮಸ್ಕಾರ.