ಮೊದಲ ವಾರದ ತಲೆನೋವಿಗೆ ಯೀಸ್ಟ್ ಕಾರಣವಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ನನ್ನ ಮರ್ಯಾದೆಯನ್ನು ನಾನೇ ತೆಗೆದುಕೊಂಡು ಶುರು ಮಾಡುತ್ತೇನೆ. ಕಾರ್ಬ್, ಅಂದರೆ ಅನ್ನ, ರೊಟ್ಟಿ, ಸಕ್ಕರೆ ಬಿಟ್ಟರೆ ಮೈಯೊಳಗಿನ ಯೀಸ್ಟ್ ಅನ್ನುವ ಶಿಲೀಂಧ್ರ ಸಾಯುತ್ತದೆ, ಮೊದಲ ವಾರದ ತಲೆನೋವೇ ಅದಕ್ಕೆ ಸಾಕ್ಷಿ ಅನ್ನುತ್ತಾರಲ್ಲ, ಅದನ್ನು ನಂಬಿ ಮೋಸಹೋದವನು ನಾನು.

ಒಂದು ದಿನ ಬೆಳಿಗ್ಗೆ ಎದ್ದವನೇ, ಬಾಯಿ ಕೂಡ ಮುಕ್ಕಳಿಸದೆ, ಗಾಜಿನ ಲೋಟದ ನೀರಿಗೆ ಉಗುಳಿ, ಅದರ ಮುಂದೆ ಕಾಲು ಗಂಟೆ ಕೂತಿದ್ದೆ. ಉಗುಳು ಮೇಲೆ ತೇಲುತ್ತಿತ್ತು. ಆಮೇಲೆ ಬಿಳಿ ಎಳೆಗಳು ಒಂದೊಂದಾಗಿ ಕೆಳಗಿಳಿದವು, ಬೇರು ಬಿಟ್ಟ ಹಾಗೆ. ಎಳೆ ಇಳಿದರೆ ಹೊಟ್ಟೆ ತುಂಬ ಯೀಸ್ಟ್ ಅಂತ ಯಾರೋ ಹೇಳಿದ್ದರು, ನಾನೂ ನಂಬಿದ್ದೆ. ನಾಲಿಗೆ ಮೇಲೆ ಬೇರೆ ಬೆಳ್ಳಗೆ ಪದರ ಕಟ್ಟಿತ್ತು. ಇನ್ನೇನು ಬೇಕು? ಅವತ್ತಿಂದಲೇ ಕಾರ್ಬ್ ಬಂದ್.

ಉಗುಳಿನಲ್ಲಿ ಮ್ಯೂಸಿನ್ ಅನ್ನುವ ಅಂಟು ಇರುತ್ತದೆ. ರಾತ್ರಿಯೆಲ್ಲಾ ಬಾಯಿ ಒಣಗಿದಾಗ ಅದು ಗಟ್ಟಿಯಾಗಿ, ನೀರಿನಲ್ಲಿ ಎಳೆ ಎಳೆಯಾಗಿ ಇಳಿಯುತ್ತದೆ. ಆರೋಗ್ಯವಾಗಿರುವವರ ಉಗುಳೂ ಹಾಗೇ ಇಳಿಯುತ್ತದೆ. ಇದೆಲ್ಲಾ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಮೂರನೇ ದಿನ ತಲೆ ಸಿಡಿಯೋಕೆ ಶುರುವಾಯಿತು. ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿತ್ತು. ಯಾರು ಮಾತಾಡಿಸಿದರೂ ಸಿಡುಕು. ನನಗೋ ಒಳಗೊಳಗೇ ಖುಷಿ! ಯಾಕಂದ್ರೆ ಅದಕ್ಕೆ 'ಡೈ ಆಫ್' ಅಂತ ಹೆಸರಿದೆ. ಯೀಸ್ಟ್ ಸಾಯುವಾಗ ವಿಷ ಬಿಡುತ್ತದಂತೆ, ನರಳಾಟ ಜಾಸ್ತಿಯಾದಷ್ಟೂ ಒಳ್ಳೆಯದಂತೆ. ಲೆಕ್ಕ ಹೇಗಿದೆ ನೋಡಿ. ಹುಷಾರಾದರೂ ಡಯಟ್ ಗೆದ್ದಿತು, ಹುಷಾರು ತಪ್ಪಿದರೂ ಡಯಟ್ ಗೆದ್ದಿತು. ಸೋಲುವ ದಾರಿಯೇ ಇಲ್ಲ.

ಒಳಗೆ ಆಗುತ್ತಿದ್ದದ್ದು ಬೇರೆ. ನಮ್ಮ ಲಿವರ್, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮೂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಾರ್ಬ್ ನಿಲ್ಲಿಸಿದರೆ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ. ಜೊತೆಗೆ ಇನ್ಸುಲಿನ್ ಇಳಿಯುತ್ತದೆ, ಆಗ ಕಿಡ್ನಿ ಉಪ್ಪನ್ನೂ ಹೊರಗೆ ಹಾಕುತ್ತದೆ. ನಾನು ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎದ್ದಿದ್ದೇನೆ, ಆದರೂ ತಲೆಗೆ ಹೊಳೆಯಲಿಲ್ಲ. ಕಾರ್ಬ್ ಬಿಟ್ಟ ಮೊದಲ ದಿನಗಳ ಈ ತಲೆನೋವು, ಸುಸ್ತಿಗೆ ಕೀಟೋ ಫ್ಲೂ ಅನ್ನುತ್ತಾರಲ್ಲ, ಅದು ಇದೇ. ಕೊನೆಗೆ ಉಪ್ಪು ಹಾಕಿದ ಬಿಸಿ ಸೂಪ್ ಎರಡು ಬಟ್ಟಲು ಕುಡಿದೆ. ಸ್ವಲ್ಪ ಹೊತ್ತಿಗೆ ತಲೆ ಹಗುರಾಯಿತು. ಸತ್ತ ಯೀಸ್ಟಿನ ವಿಷ ಉಪ್ಪಿನ ಸೂಪಿಗೆ ಇಳಿಯುತ್ತದಾ? ನೀರು, ಉಪ್ಪು ಕಮ್ಮಿಯಾಗಿದ್ದಕ್ಕೆ ಪಾಪ ಯೀಸ್ಟಿನ ತಲೆ ಮೇಲೆ ಗೂಬೆ ಕೂರಿಸಿದ್ದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಮಾತ್ರ ಈ ಸೂಪಿನ ಸಾಹಸ ಮಾಡಬೇಡಿ, ಡಾಕ್ಟರನ್ನು ಕೇಳಿ.

ನಾನು ಲೋ ಕಾರ್ಬ್ ವಿರೋಧಿಯಲ್ಲ. ಈಗಲೂ ಹಾಗೇ ತಿನ್ನುತ್ತೇನೆ. ಆದರೆ ಅದನ್ನು ಯೀಸ್ಟಿಗೆ ಔಷಧ ಅಂತ ಮಾರುವವರ ಮೇಲೆ ನನಗೆ ಸಿಟ್ಟಿದೆ. ಯೀಸ್ಟನ್ನು ಉಪವಾಸ ಕೆಡವುತ್ತೇವೆ ಅನ್ನುತ್ತಾರೆ. ನೀವು ಒಂದು ಚಮಚ ಸಕ್ಕರೆ ಮುಟ್ಟದಿದ್ದರೂ ಲಿವರ್ ತಾನೇ ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತದೆ. ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಸೇರುವುದು ಈಸ್ಟ್ರೋಜನ್ ಹಾರ್ಮೋನಿನಿಂದ, ಅದನ್ನು ನಿಮ್ಮ ತಟ್ಟೆ ತಡೆಯುವುದಿಲ್ಲ. ಅದೂ ಅಲ್ಲದೆ, ಈ ಯೀಸ್ಟ್, ಅಂದರೆ ಕ್ಯಾಂಡಿಡಾ ಆಲ್ಬಿಕಾನ್ಸ್, ಎಷ್ಟೋ ಆರೋಗ್ಯವಂತರ ಬಾಯಿ, ಕರುಳಲ್ಲಿ ಸುಮ್ನೆ ಬಾಡಿಗೆಗೆ ಇರುವ ಜೀವಿ. ಸಕ್ಕರೆ ಸಿಗದಿದ್ದರೆ ಕೊಬ್ಬು, ಪ್ರೋಟೀನಿನ ಚೂರಲ್ಲೂ ಬದುಕುತ್ತದೆ.

ಹಾಗಾದರೆ ಲೋ ಕಾರ್ಬ್ ಮಾಡಿ ತುರಿಕೆ ಹೋಯಿತು ಅನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ಅವರಲ್ಲಿ ಕೆಲವರಿಗೆ ಶುಗರ್ ಇರುತ್ತದೆ, ಗೊತ್ತಿರುವುದಿಲ್ಲ. ಶುಗರ್ ಏರಿದಾಗ ಮೂತ್ರದಲ್ಲೂ ಸಕ್ಕರೆ ಹೋಗುತ್ತದೆ, ಯೀಸ್ಟಿಗೆ ಹಬ್ಬ. ಶುಗರ್ ಇಳಿದರೆ ಹಬ್ಬ ಮುಗಿಯುತ್ತದೆ. ಮತ್ತೆ ಮತ್ತೆ ಯೀಸ್ಟ್ ಕಾಡುತ್ತಿದ್ದರೆ ಡಯಟ್ ಚಾರ್ಟ್ ಹುಡುಕುವ ಮೊದಲು ಎಚ್‌ಬಿಎ1ಸಿ ಅನ್ನುವ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಮಾಡಿಸಿ. ಶೇಕಡಾ 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಧುಮೇಹದ ಲೆಕ್ಕ.

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಶುಗರಿಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರ 'ಫ್ಲೋಜಿನ್' ಅಂತ ಮುಗಿಯುವ ಮಾತ್ರೆಗಳಿವೆ. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಅದಕ್ಕೇ ಅವನ್ನು ತಗೊಳ್ಳುವವರಿಗೆ, ಗಂಡಸರಿಗೂ, ಗುಪ್ತಾಂಗದಲ್ಲಿ ಯೀಸ್ಟ್ ಜಾಸ್ತಿ. 'ಯೀಸ್ಟ್ ಹೋಗಲಿ' ಅಂತ ಆ ಮಾತ್ರೆಯ ಜೊತೆಗೇ ಕಾರ್ಬ್ ಪೂರ್ತಿ ಬಿಟ್ಟರೆ ಕೀಟೋ ಆ್ಯಸಿಡೋಸಿಸ್ ಆಗಬಹುದು. ರಕ್ತದಲ್ಲಿ ಆಮ್ಲ ಹೆಚ್ಚಾಗುತ್ತದೆ, ಮೀಟರಿನಲ್ಲಿ ಮಾತ್ರ ಶುಗರ್ ಹೆಚ್ಚುಕಮ್ಮಿ ಸರಿಯಾಗೇ ಕಾಣುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಅದನ್ನೂ 'ಡೈ ಆಫ್' ಅಂದುಕೊಂಡು ಮಲಗಬೇಡಿ, ಆಸ್ಪತ್ರೆಗೆ ಹೋಗಿ. ಡಯಟ್ ಮಾಡಬೇಕು ಅಂತ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಡಯಟ್ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ.

ಸುಸ್ತು, ಮಂಕು, ಬೇಜಾರು ಎಲ್ಲದಕ್ಕೂ ಯೀಸ್ಟೇ ಕಾರಣ ಅನ್ನುವ ವಾದ 1980ರ ದಶಕದಲ್ಲೇ ಜೋರಾಗಿತ್ತು. 1990ರಲ್ಲಿ ಅದರ ಪರೀಕ್ಷೆಯ ಫಲಿತಾಂಶವೂ ಪ್ರಕಟವಾಯಿತು. 42 ಹೆಂಗಸರಿಗೆ ಸರದಿಯ ಮೇಲೆ ಯೀಸ್ಟ್ ಕೊಲ್ಲುವ ನಿಸ್ಟಾಟಿನ್ ಮತ್ತು ಔಷಧವೇ ಇಲ್ಲದ ಹುಸಿ ಮದ್ದು ಕೊಟ್ಟು ನೋಡಿದ್ದರು. ಯೋನಿಯ ತೊಂದರೆಗೆ ನಿಸ್ಟಾಟಿನ್ ಉಪಯೋಗವಾಯಿತು. ಮೈ ಪೂರ್ತಿ ಕಾಡುವ ಉಳಿದ ತೊಂದರೆಗಳಿಗೆ ಅದು ಹುಸಿ ಮದ್ದಿಗಿಂತ ಹೆಚ್ಚೇನೂ ಮಾಡಲಿಲ್ಲ.

ಅಂದಮೇಲೆ ನಿಜವಾದ ಯೀಸ್ಟ್ ಇದ್ದರೆ? ಅದಕ್ಕೆ ಮದ್ದಿದೆ, ಕ್ಲೋಟ್ರಿಮಜೋಲ್, ಫ್ಲುಕೋನಜೋಲ್ ಎಲ್ಲಾ ಇವೆ. ಆದರೆ ತುರಿಕೆಯೆಲ್ಲಾ ಯೀಸ್ಟಲ್ಲ. ಬ್ಯಾಕ್ಟೀರಿಯಾದಿಂದಾಗಿ ಬಿಳಿಸೆರಗು ಹೋಗುವುದೂ ಉಂಟು, ಅದಕ್ಕೆ ಈ ಮದ್ದು ನಾಟುವುದಿಲ್ಲ. ಬಸುರಿಯರು ಫ್ಲುಕೋನಜೋಲ್ ತಾವಾಗಿ ನುಂಗಲೇಬಾರದು. ವರ್ಷಕ್ಕೆ ಮೂರು ನಾಲ್ಕು ಸಲ ಬಂದರೆ ಸ್ಯಾಂಪಲ್ ತೆಗೆಸಿ ಪರೀಕ್ಷೆ ಮಾಡಿಸಿ. ಯೀಸ್ಟ್ ಬರದ ಹಾಗೆ ನೋಡಿಕೊಳ್ಳಬೇಕಾ? ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ. ಕಟ್ಟಿಸಿಕೊಂಡ ಹಲ್ಲನ್ನು ರಾತ್ರಿ ತೆಗೆದಿಡಿ. ತೊಡೆಸಂದಿ, ಎದೆಯ ಕೆಳಗೆ ಬೆವರು ನಿಲ್ಲದ ಹಾಗೆ ಒರೆಸಿಕೊಳ್ಳಿ. ಬೇಡದ ಆ್ಯಂಟಿಬಯೋಟಿಕ್ ತಗೊಳ್ಳಬೇಡಿ.

ಬಾಯಿಯ ಯೀಸ್ಟ್ ಹೆಚ್ಚಾಗಿ ಕೆನ್ನೆಯ ಒಳಗೆ, ನಾಲಿಗೆ ಮೇಲೆ ಒಡೆದ ಮೊಸರಿನ ಚೂರಿನ ಹಾಗೆ ಕೂರುತ್ತದೆ. ಒರೆಸಿದರೆ ಕಿತ್ತು ಬರುತ್ತದೆ, ಕೆಳಗೆ ಕೆಂಪಗೆ ಉರಿಯುತ್ತದೆ. ನನ್ನ ನಾಲಿಗೆಯಲ್ಲಿ ಅಂಥದ್ದೇನೂ ಇರಲಿಲ್ಲ. ಹಲ್ಲಿನ ಡಾಕ್ಟರು ಒಂದು ಸಲ ಗೀರಿ ನೋಡಿ, ಗ್ಲೌಸ್ ತೆಗೆಯುತ್ತಾ ಕೇಳಿದರು: "ನೀವು ನಾಲಿಗೆ ಉಜ್ಜಲ್ವಾ?"